ಸೊಂಟದ ಪಟ್ಟಿ

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಎಂಟರ ಸುಮಾರಿಗೆ ಸಾವಕ್ಕ ಇಚಲಕರಂಜಿಯ ಪೊಲೀಸ್ ಠಾಣೆಗೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಕಳವ ಆಗೇತ್ರಿ. ನನ್ನ ಗಂಡನ ಸೊಂಟದ ಪಟ್ಟಿ ಕದ್ದಾರ.”

ಕಾನ್‌ಸ್ಟೆಬಲ್ ಅಲ್ಲಪ್ಪ ಪೆನ್ನು ತೆರೆದ. “ಬೆಳ್ಳೀದೋ, ಬಂಗಾರದ್ದೋ?”

“ಔಷಧದ್ದರಿ. ಬೆನ್ನಿಗೆ ಹಚ್ಚೂದು.”

“ಅಂಥಾದ್ದನ್ನ ಯಾಂವ ಕದೀತಾನವ್ವಾ? ಹೋಗು, ನಿನ್ನ ಗಂಡನ್ನ ಕಳಸು, ಅಂವನ್ನ ಕೇಳೂಣು.”

“ಹೆಂಗ ಬರತಾನ್ರಿ? ಮನ್ಯಾಗ ಹೆಣಾ ಆಗಿ ಮಲಗ್ಯಾನ.”

ಅಲ್ಲಪ್ಪನ ಪೆನ್ನು ಅಲ್ಲೇ ನಿಂತಿತು. ಒಳಗಿದ್ದ ಇನ್‌ಸ್ಪೆಕ್ಟರ್ ಪ್ರೇರಣಾ ಮಗದುಮ ಚಹಾ ಅರ್ಧಕ್ಕೆ ಬಿಟ್ಟು ಹೊರಗೆ ಬಂದರು. ಅಸಹಜ ಸಾವೆಂದು ದಾಖಲಿಸಿಕೊಂಡು ಜೀಪು ಹತ್ತಿದರು.

ಯಡ್ರಾವದ ಆ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಗೋಡೆಗಳೂ ನಡುಗುತ್ತಿದ್ದವು. ಸಾವಕ್ಕನ ಗಂಡ ಭರಮಪ್ಪ ಮಗ್ಗದ ಕೆಲಸಗಾರ, ನಲವತ್ತು ದಾಟಿರಲಿಲ್ಲ. ಹೆಣವನ್ನು ಮಗ್ಗುಲಾಗಿಸಿದಾಗ ಸೊಂಟದ ಮೇಲೆ ಬೆಂಕಿಪೆಟ್ಟಿಗೆಯಷ್ಟಗಲದ ಚೌಕದ ಗುರುತು ಕಂಡಿತು. ಗುರುತಿನ ಅಂಚಿಗೆ ಅಂಟು, ಸುತ್ತ ಕೆಂಪು. ಹಾಸಿಗೆಯ ಬದಿಯಲ್ಲಿ ಉಪ್ಪಿನ ಗಂಟು, ಪಕ್ಕದಲ್ಲಿ ಹಂಚು. ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಶುರುವಾಯಿತು.

“ಇದೇನು?” ಪ್ರೇರಣಾ ಗಂಟು ತೋರಿಸಿದರು.

“ಶೇಕ ಕೊಟ್ಟೇನ್ರಿ. ನಿನ್ನೆ ಮುಂಜಾನೆ ಪಟ್ಟಿ ಹಚ್ಚಿದ. ಸಂಜಿಕ ಅದರ ಮ್ಯಾಲ ಭಾಳ ಹೊತ್ತ ಕಾವ ಕೊಟ್ಟೆ. ಹಾಯ್ ಅನಸ್ತೈತಿ ಅಂದ. ಆಮ್ಯಾಲ ಗೊರಕಿ... ಎಂದೂ ಕೇಳದಂಥಾ ಗೊರಕಿ. ಸುಖಾ ನಿದ್ದಿ ಬಂತ ಅಂತ ಎಬ್ಬಸ್ಲಿಲ್ಲ.”

“ಪಟ್ಟಿಗೆ ಶೇಕ ಬೇಕ ಬೇಕ್ರಿ,” ಅಲ್ಲಪ್ಪ ತಡೆಯಲಾರದೆ ಬಾಯಿ ಹಾಕಿದ. “ನಮ್ಮಜ್ಜ ಉಪ್ಪಿನ ಗಂಟ ಕಾಸಿ ಒತ್ತಿದ್ರ, ನೆಲಾ ಹಿಡದ ಎಮ್ಮಿ ಎದ್ದು ಜಯಸಿಂಗಪುರ ಸ್ಟೇಶನ್ ತನಕಾ ಓಡಿತ್ತರಿ. ರೈಲಿನ ಡ್ರೈವರ್ ಕೆಳಗಿಳದು ಕೈ ಮುಗದಿದ್ದ.”

“ಅಲ್ಲಪ್ಪಾ, ಗಪ್. ಸಾವಕ್ಕಾ, ಮುಂಜಾನೆ ಮೊದಲ ಯಾರ ಬಂದ್ರು?”

“ಧನರಾಜಣ್ಣ. ಕಾರಖಾನಿ ಮುಕಾದಮ. ಪಟ್ಟಿ ಕೊಟ್ಟಾಂವನೂ ಅಂವನ. ಗಂಟ ನೋಡಿ ಮಾರಿ ಬೆಳ್ಳಗ ಮಾಡ್ಕೊಂಡ. ‘ನೀರ ತಾ’ ಅಂದ. ನೀರ ತರೂದ್ರಾಗ ಪಟ್ಟಿ ಇರಲಿಲ್ಲ, ಅಂವನೂ ಇರಲಿಲ್ಲ.”

ಹತ್ತೂವರೆಗೆ ಶವ ಸರಕಾರಿ ದವಾಖಾನೆ ತಲುಪಿತು. ಡಾಕ್ಟರ್ ದೀಪಾಲಿ ಅಂಟನ್ನೂ ಚೌಕವನ್ನೂ ನೋಡಿ ಕೈಗವಸು ಬದಲಿಸಿದರು.

“ಲ್ಯಾಬ್ ರಿಪೋರ್ಟ್ ಬರೂತನಕಾ ಖಾತ್ರಿ ಹೇಳಾಂಗಿಲ್ಲ. ಆದ್ರ ನನ್ನ ಸಂಶೆ ಫೆಂಟಾನಿಲ್ ಮ್ಯಾಲೈತಿ. ಕ್ಯಾನ್ಸರಿನ ಬ್ಯಾನಿಗೆ ಕೊಡೂ ಪಟ್ಟಿ.”

“ಬ್ಯಾನಿ ಗುಳಗಿ ಅಂದ್ರ ನನ್ನ ಹಂತ್ಯಾಕೂ ಅದಾವ್ರಿ,” ಅಲ್ಲಪ್ಪ ಕಿಸೆಯಿಂದ ಗುಳಿಗೆಗಳ ಒಂದು ಸ್ಟ್ರಿಪ್ ತೆಗೆದ. “ಮೊಣಕಾಲಿಗೆ. ನಮ್ಮ ಬೀಗರು ಕೊಟ್ಟಾರ.”

ದೀಪಾಲಿ ಹೆಸರು ಓದಿದರು. “ಟ್ರಾಮಡಾಲ್. ಬೀಗರೇನು ಡಾಕ್ಟರೇನ್ರಿ?”

“ಇಲ್ರಿ, ಬೆಲ್ಲದ ವ್ಯಾಪಾರಿ.”

“ಇದೂ ಅದ ಕುಲದ್ದು, ಅಫೀಮಿನ ಜಾತೀದು. ಆದ್ರ ಒಂದರ ಅಳತಿ ಇನ್ನೊಂದಕ್ಕ ಬರೂದಿಲ್ಲ. ಇದು ಮಿಲಿಗ್ರಾಂ ಲೆಕ್ಕ. ಮಾರ್ಫಿನ್ ಇದಕಿಂತ ಜೋರ. ಫೆಂಟಾನಿಲ್ ಮಾರ್ಫಿನ್‌ಕಿಂತಾ ಭಾಳ ಜೋರ, ಅದನ್ನ ಮೈಕ್ರೋಗ್ರಾಂನ್ಯಾಗ ಅಳೀತೀವಿ. ಮೊದಲ ಮಾರ್ಫಿನ್ ತಗೊಂಡು ರೂಢಿ ಆದ ಪೇಶಂಟಿಗೆ ಅಷ್ಟ ಆ ಪಟ್ಟಿ. ಮೂರ ದಿನಾ ಹನಿ ಹನಿ ಇಳೀಬೇಕು. ಮ್ಯಾಲ ಕಾವ ಕೊಟ್ರ ಗಡಗಡ ಇಳೀತೈತಿ. ನಿದ್ದಿ ಬಂದ್ಹಂಗ ಬಂದು ಉಸರ ನಿಂತ್ಹೋಗ್ತೈತಿ.”

“ಅಂಥಾ ಇಷಾ ಯಾಕ ಕೊಡ್ತೀರಿ?” ಎಂದ ಅಲ್ಲಪ್ಪ.

“ಇಷಾ ಅಲ್ರಿ. ಅಳತಿ ನೋಡಿ, ಬರೇ ಆ ಪೇಶಂಟಿಗೆ ಕೊಟ್ರ ಅದರಂಥಾ ಉಪಕಾರ ಇನ್ನೊಂದಿಲ್ಲ. ಉಳದದ್ದನ್ನ ದವಾಖಾನಿಗೆ ತಿರಗಿ ಕೊಡಬೇಕು. ದಾರೂ, ನಿದ್ದಿಗುಳಗಿ ಜೋಡಿ ಯಾವುದೂ ಕೂಡಬಾರ್ದು. ನಿಮ್ಮ ಬೀಗರ ಗುಳಗಿ ಇಲ್ಲೇ ಇಡ್ರಿ, ಮೊಣಕಾಲ ನಾ ನೋಡತೇನಿ.”

ಬಾಗಿಲಲ್ಲಿ ನಿಂತಿದ್ದ ಸಾವಕ್ಕನಿಗೆ ಏನು ಕೇಳಿಸಿತೋ ಗೊತ್ತಾಗಲಿಲ್ಲ. ಪ್ರೇರಣಾ ಅವಳ ಬಳಿ ಹೋದರು.

“ಧನರಾಜನ ಮನ್ಯಾಗ ಕ್ಯಾನ್ಸರ್ ಯಾರಿಗಿತ್ತು?”

“ಅಂವನ ಹೆಂಡ್ತಿ ಶಾಲನಕ್ಕಗರಿ. ದೀಪಾವಳಿ ಮುಂದ ತೀರಕೊಂಡ್ಲು.”

“ಪಟ್ಟಿ ಮತ್ತ ಯಾರಿಗಾರ ಕೊಟ್ಟಾನೇನು?”

“ನಮ್ಮತ್ತಿ ಅನ್ನವ್ವಗೂ ಒಂದ ಕೊಟ್ಟ ಬಂದೇನಿ ಅಂದಿದ್ದ. ನೇಸರಿ ಊರಾಗ, ಅಂವಂದೂ ಅದ ಊರು. ಆಕೀದೂ ಸೊಂಟ ಹಿಡದಿತ್ತಂತ.”

ಪ್ರೇರಣಾ ಆಗಲೇ ಫೋನ್ ಕಿವಿಗಿಟ್ಟಿದ್ದರು. ಅನ್ನವ್ವನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ನೇಸರಿಯ ಪೊಲೀಸರಿಗೆ ಸುದ್ದಿ ಮುಟ್ಟಿಸಿ, ಆಂಬುಲೆನ್ಸಿಗೆ ಹೇಳಿಸಿ, ಜೀಪು ಹೊರಡಿಸಿದರು.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಎದುರಿಗೆ ಇನ್ನೊಂದು. ಪ್ರೇರಣಾ ಕಿಟಕಿಯಿಂದ ಕೈ ಹೊರಹಾಕಿ “ಬಾಜೂಲಾ ಘೇ, ಬದಿಗೆ ತಗೋ!” ಎಂದು ಕೂಗಿದರು, ಕೂತರು, ಮತ್ತೆ ಫೋನ್ ಹಚ್ಚಿದರು. ಜನವರಿಯ ಚಳಿ. ನೇಸರಿಯಂಥ ಊರಿನಲ್ಲಿ ಮೈಗೆ ಶಾಖ ಕೊಡಲು ಪ್ರತಿ ಒಲೆಯ ಬದಿಗೂ ಒಂದು ಇಟ್ಟಿಗೆ ಕಾಯುತ್ತಿರುತ್ತದೆ. ಪ್ರೇರಣಾ ಅವರ ಅಜ್ಜಿಯೂ ಹಾಗೇ ಕಾಸುತ್ತಿದ್ದಳು. ಅಲ್ಲಪ್ಪ ಊರು ಬಿಟ್ಟಾಗಿನಿಂದ ಒಂದೂ ಕತೆ ಹೇಳಿರಲಿಲ್ಲ.

ನಿಪ್ಪಾಣಿ ದಾಟಿದ ಮೇಲೆ ಫೋನ್ ಬಂತು. ಅನ್ನವ್ವನನ್ನು ಗಡಹಿಂಗ್ಲಜದ ದವಾಖಾನೆಗೆ ಒಯ್ದಿದ್ದರು. ನೇಸರಿಯ ಪೊಲೀಸರು ಮನೆ ಮುಟ್ಟುವ ಮೊದಲೇ ಯಾರೋ ಆಂಬುಲೆನ್ಸ್ ಕರೆಸಿದ್ದರು.

ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಧನರಾಜ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ. ಓಡಲಿಲ್ಲ.

“ಆಂಬುಲೆನ್ಸ್ ಯಾರ ಕರದ್ರು?”

“ನಾನರಿ. ಎಸ್‌ಟಿ ಬಸ್ ಇಳದು ಓಡ್ಕೊತ ಹೋದೆ. ಪಟ್ಟಿ ಹಚ್ಕೊಂಡು, ಮ್ಯಾಲ ಇಟ್ಟಂಗಿ ಇಟ್ಕೊಂಡು ಮಲಗಿದ್ಲು. ಕರದ್ರ ಏಳವಲ್ಲಳು. ಪಟ್ಟಿ ಕಿತ್ತು, ನೀರ ಹಾಕಿ ತೊಳದೆ.”

“ಭರಮಪ್ಪಂದು?”

ಧನರಾಜ ಕಿಸೆಯಿಂದ ಮಡಚಿದ ಪಟ್ಟಿ ತೆಗೆದ. “ಅದನ್ನ ನಾ ಸಿಕ್ಕಬೀಳಬಾರ್ದಂತ ಕಿತ್ತೆರಿ. ಸುಳ್ಳ ಹೇಳಾಂಗಿಲ್ಲ.”

“ಶೇಕ ಕೊಡಬಾರ್ದಂತ ಗೊತ್ತಿತ್ತ?”

“ಶಾಲನಗ ಪಟ್ಟಿ ಕೊಡೂ ಮುಂದ ಕೊಲ್ಲಾಪುರದ ನರ್ಸಬಾಯಿ ಹತ್ತ ಸರತಿ ಹೇಳಿದ್ರರಿ. ‘ಶೇಕ ನಕೋ’ ಅಂತ.”

“ಮತ್ತ ಇವರಿಗ್ಯಾಕ ಹೇಳ್ಲಿಲ್ಲ?”

“ಯಾಕ ಶೇಕ ಬ್ಯಾಡ ಅಂತ ಕೇಳಿದ್ರ ಏನ ಹೇಳ್ಲಿ? ಸತ್ತಾಕೀ ಔಷಧ, ಕ್ಯಾನ್ಸರಿಂದು ಅಂದ್ರ ಯಾರ ಮುಟ್ಟತಾರ್ರಿ? ಆಕೀ ಬಟ್ಟಲದಾಗ ಯಾರೂ ನೀರ ಕುಡೀಲಿಲ್ಲ ನಮ್ಮ ಓಣ್ಯಾಗ. ಅದಕ್ಕ ಪಾಕೀಟ ಹರದು ಒಗದು, ಸೊಂಟದ ಪಟ್ಟಿ ಅಂದೆ.”

ಒಳಗಿನಿಂದ ಮುದುಕಿಯ ದನಿ ಕೇಳಿಸಿತು. ಡಾಕ್ಟರು ಉಸಿರು ಎಳೆದು ತರುವ ಚುಚ್ಚುಮದ್ದು ಕೊಟ್ಟಿದ್ದರು. “ಯಾವ ಮುಕಳೆಪ್ಪೋ ಇಷ್ಟ ಚಲೋ ನಿದ್ದಿ ಕೆಡಿಸಿದಾಂವ? ನನ್ನ ಎಮ್ಮಿ ಹಿಂಡಾವ್ರ ಯಾರು?”

ಧನರಾಜ ಗೋಡೆಗೆ ಹಣೆ ಹಚ್ಚಿದ. ಮಧ್ಯಾಹ್ನ ಮೂರೂವರೆಗೆ ಪ್ರೇರಣಾ ಅವನನ್ನು ಬಂಧಿಸಿದರು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ ಎಂದು ಎಫ್‌ಐಆರ್ ಆಯಿತು.

ಮರುದಿನ ಧನರಾಜನನ್ನು ಕರೆದೊಯ್ದು ಹುಡುಕಿದಾಗ ಅವನ ಮನೆಯ ದೇವರ ಗೂಡಿನಲ್ಲಿ, ವಿಭೂತಿಯ ಹಿಂದೆ, ಉಳಿದ ಪಟ್ಟಿಗಳ ಡಬ್ಬಿ ಸಿಕ್ಕಿತು. ಪಂಚರೆದುರು ಅಲ್ಲಪ್ಪ ಅದಕ್ಕೆ ಅರಗಿನ ಮುದ್ರೆ ಒತ್ತಿದ. ಸಾವಕ್ಕ ಬಾಗಿಲಿಗೆ ಬಂದು ನಿಂತಳು.

“ನನ್ನ ಶೇಕದಿಂದ ಸತ್ತನೇನ್ರಿ?” ಎಂದಳು ಪ್ರೇರಣಾ ಅವರಿಗೆ.

ಪ್ರೇರಣಾ ಬಾಯಿ ತೆರೆಯುವ ಮೊದಲೇ ಧನರಾಜ ಹೇಳಿದ. “ನನ್ನ ಸುಳ್ಳಿನಿಂದ ಸತ್ತ, ತಂಗಿ. ನೀ ನಿನಗ ತಿಳದಂಗ ಜ್ವಾಕಿ ಮಾಡ್ದಿ.”

ಸಾವಕ್ಕ ಸೆರಗು ಬಾಯಿಗೊತ್ತಿಕೊಂಡು ಹೊರಟುಹೋದಳು.

“ದೀಪಾವಳಿ ಮುಂದ ತಿರಗಿ ಕೊಡಬೇಕಿತ್ತಲ್ಲ ಇದನ್ನ,” ಎಂದರು ಪ್ರೇರಣಾ.

“ಕೊಲ್ಲಾಪುರದ ದವಾಖಾನಿ ಗೇಟ್ ತನಕಾ ಒಯ್ದಿದ್ದೆರಿ. ತಿಂಗಳಾನುಗಟ್ಲೆ ಚೀರ್ಯಾಡತಿದ್ಲು ಶಾಲನ. ಇದನ್ನ ಹಚ್ಚಿದ ಮ್ಯಾಲ ಮಲಗಿದ್ಲು. ಎದ್ದು, ಚಹಾಕ್ಕ ಸಕ್ಕರಿ ಕಡಿಮಿ ಆಗೇತಿ ಅಂತ ನನ್ನ ಬೈದ್ಲು.” ಅವನು ಮುದ್ರೆಯೊತ್ತಿದ ಡಬ್ಬಿಯ ಕಡೆ ನೋಡಿದ. “ಆಕೀ ನಿದ್ದಿ ಇದರಾಗ ಉಳದೈತಿ ಅನಸ್ತಿತ್ತರಿ. ಚೆಲ್ಲಾಕ ಮನಸಾಗಲಿಲ್ಲ. ಬ್ಯಾನಿ ಬಂದಾವರಿಗೆ ಹಂಚಿದೆ.”

ಅಲ್ಲಪ್ಪ ಅರಗು ಆರುವವರೆಗೂ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.