ಟೆಲ್ಯುರಿಯಂ ಉಸಿರು

"ಹತ್ರ ಬರ್ಬೇಡ ಪ್ರಮೀಳಾ! ಅಲ್ಲೇ ನಿಂತ್ಕೊ!"

ಪಾಂಡವಪುರದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಬಾಗಿಲಲ್ಲೇ ಪ್ರಮೀಳಾಳ ಕಾಲು ನಿಂತುಬಿಟ್ಟಿತು. ಹಾಗೆಂದವನು ಚಲುವರಾಜು. ಇದೇ ಕಾಲೇಜಿನ ಮೇಷ್ಟ್ರು, ಅವಳ ಸಂಶೋಧನೆಯ ಜೊತೆಗಾರ, ಮದುವೆಯಾದರೆ ನಿನ್ನನ್ನೇ ಎಂದಿದ್ದ ಪುಣ್ಯಾತ್ಮ!

ಹೋದ ತಿಂಗಳವರೆಗೂ ಹೀಗಿರಲಿಲ್ಲ. ಟೆಲ್ಯುರಿಯಂ ಎಂಬ ಅರೆಲೋಹದ ಲವಣವನ್ನು ಡಿಎಂಎಸ್‌ಒ ಎಂಬ ಸಾವಯವ ದ್ರಾವಕದಲ್ಲಿ ಕರಗಿಸಿ, ಕರೆಂಟು ಹಾಯಿಸಿ, ಅದು ಎಷ್ಟು ವೋಲ್ಟೇಜಿಗೆ ಪ್ಲಾಟಿನಂ ತಂತಿಗೆ ಅಂಟುತ್ತದೆ, ಎಷ್ಟಕ್ಕೆ ಬಿಟ್ಟುಹೋಗುತ್ತದೆ ಎಂದು ನೋಡುವುದು ಇಬ್ಬರ ಕೆಲಸ. ಯಂತ್ರದ ಪೆನ್ನು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯುವಾಗ ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗಿ ನೋಡುತ್ತಿದ್ದರು. ಗೆರೆ ಉಬ್ಬಿ ಮೇಲೆದ್ದರೆ ಸಾಕು, "ಅಂಟ್ತು ಕಣೆ!" ಎಂದು ಅವನು ಕುಣಿದುಬಿಡುತ್ತಿದ್ದ.

ಈಗ ನೋಡಿದರೆ ಬಾಯಿಗೆ ಕರವಸ್ತ್ರ, ಮುಖ ಕಿಟಕಿಯ ಕಡೆಗೆ. ಹೋದ ಭಾನುವಾರ ಅರಕೆರೆಗೆ ಬಂದು ಅವಳ ಅಪ್ಪ ಹೊನ್ನಪ್ಪನವರ ಹತ್ತಿರ ಮಾತಾಡುತ್ತೇನೆಂದವನು ಬರಲೇ ಇಲ್ಲ. ನಾಳೆ ನಾಗಮಂಗಲದಿಂದ ಬೇರೆ ಗಂಡಿನ ಕಡೆಯವರು ಅವಳನ್ನು ನೋಡಲು ಬರುತ್ತಿದ್ದಾರೆ!

ನಾನು ಬೇಡವಾದೆನಾ...? ಅವಳು ಬಾಗಿಲಲ್ಲಿ ನಿಂತೇ ಕೇಳಿಬಿಟ್ಟಳು.

"ಇಷ್ಟ ಇಲ್ದಿದ್ರೆ ನೇರವಾಗಿ ಹೇಳ್ಬುಡಿ. ಇಂಗೆ ಮುಖ ತಿರುಗಿಸ್ಕೊಂಡು ಸಾಯಿಸ್ಬೇಡಿ..."

"ಅಂಗಲ್ಲ ಕಣೆ..."

"ಇನ್ನೆಂಗೆ?"

ಅವನು ಮೆಲ್ಲಗೆ ಕರವಸ್ತ್ರ ಇಳಿಸಿದ.

"ಆವತ್ತು ಟೆಲ್ಯುರಿಯಂ ಕರಗಿಸಿಟ್ಟಿದ್ದ ಗಾಜಿನ ಸೆಲ್ಲು ಒಡೀತಲ್ಲ, ನಿನ್ ಮೇಲೆ ಚೆಲ್ತದೆ ಅಂತ ಬರಿಗೈ ಅಡ್ಡ ಕೊಟ್ಟೆ. ಆ ದ್ರಾವಕ ಚರ್ಮದೊಳಕ್ಕೇ ಇಳಿದೋಗ್ತದೆ, ಜೊತೆಗೆ ಟೆಲ್ಯುರಿಯಂನೂ ಎಳ್ಕೊಂಡು. ಈಗ ಉಸಿರೆಲ್ಲ ಕೊಳೆತ ಬೆಳ್ಳುಳ್ಳಿ ನಾತ! ಎಷ್ಟು ಹಲ್ಲುಜ್ಜಿದ್ರೂ ಹೋಗಲ್ಲ."

ಪ್ರಮೀಳಾಳ ಜೀವ ಬಾಯಿಗೆ ಬಂತು. "ವಿಷಾನಾ?! ಡಾಕ್ಟ್ರು ಏನಂದ್ರು?"

"ಪ್ರಾಣಕ್ಕೇನೂ ಇಲ್ವಂತೆ, ತಾನಾಗೇ ಹೋಗ್ತದಂತೆ. ಆದ್ರೆ ಭಾನುವಾರ ಅರಕೆರೆ ಬಸ್ಸಲ್ಲಿ ಕಂಡಕ್ಟರು ಚಿಕ್ಕಯ್ಯ, 'ಏನ್ ಮೇಷ್ಟ್ರೇ, ಬೆಳಗ್ಗೇನೇ ಹಾಕ್ಬುಟ್ಟು, ವಾಸ್ನೆ ಮುಚ್ಚಕ್ಕೆ ಬೆಳ್ಳುಳ್ಳಿ ಅಗ್ದಿದ್ದೀರಾ?' ಅಂದ. ಕುಡುಕರು ಅಂದ್ರೆ ನಿಮ್ಮಪ್ಪಂಗೆ ಆಗಲ್ಲ. ಅವ್ರೂ ಅಂಗೇ ಅನ್ಕೊಂಡ್ರೆ? ಊರ ಬಾಗಿಲಿಂದ್ಲೇ ವಾಪಸ್ ಬಂದ್ಬುಟ್ಟೆ."

ಅಯ್ಯೋ ದೇವರೇ! ಇಷ್ಟಕ್ಕೆ ಅವಳು ವಾರವಿಡೀ ದಿಂಬು ನೆನೆಸಿದ್ದಳಲ್ಲ! ಈ ಗಂಡಸರ ಬುದ್ಧಿಗೆ ಏನೆನ್ನಬೇಕು, ನೀವೇ ಹೇಳಿ.

"ನಂಗ್ಯಾಕ್ ಹೇಳ್ಲಿಲ್ಲ?"

"ನಿನ್ನಿಂದಾನೇ ಇಂಗಾಯ್ತು ಅಂತ ಕೊರಗ್ತೀಯಲ್ಲ ಅಂತ..."

ಅವಳು ಸರಸರನೆ ನಡೆದು ಅವನೆದುರಿಗೇ ನಿಂತಳು. ಅಬ್ಬಾ, ನಿಜಕ್ಕೂ ಭಯಂಕರ ನಾತ! ಆದರೂ ಕದಲಲಿಲ್ಲ. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಕೈ ಅಡ್ಡ ಬರದಿದ್ದರೆ... ಎಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದಳು.

"ನಡೀರಿ, ಅರಕೆರೆಗೆ ಹೋಗಣ. ನಾಳೆ ಅಂದ್ರೆ ತಡ ಆಗೋಯ್ತದೆ."

"ಈಗ್ಲೇನಾ? ನಿಮ್ಮಪ್ಪ ನನ್ನ ಆಚೆಗೆ ಅಟ್ಟಿದ್ರೆ?"

"ಅಟ್ಟಿದ್ರೆ ನಾನೂ ನಿಮ್ ಹಿಂದೇನೇ ಬರ್ತೀನಿ."

ಚಲುವರಾಜುವಿನ ಕಣ್ಣು ತುಂಬಿಬಂತು.

"ಪ್ರಮೀಳಾ... ಈ ನಾತ ಹೋಗಕ್ಕೆ ಇನ್ನೂ ತಿಂಗಳುಗಟ್ಲೆ ಆಗ್ಬೋದು ಕಣೆ."

"ಆಗ್ಲಿ ಬುಡಿ," ಎಂದಳು ಅವಳು, ಕೈ ಬಿಡದೆ. "ನಮ್ ಮದುವೆ ಫೋಟೋದಲ್ಲಿ ಅದೇನೂ ಕಾಣಲ್ಲ."