ಹಿಂದಿನ ಸೀಟು

"ಬಣ್ಣ ಬದಲಾಯಿಸು, ಚಕ್ರ ಬದಲಾಯಿಸು, ಏನ್ ಬೇಕಾದ್ರೂ ಮಾಡ್ಕೊ. ಹಿಂದಿನ ಸೀಟಿಗೆ ಮಾತ್ರ ಕೈ ಹಾಕ್ಬೇಡ," ಎಂದಳು ಹೊಲಿಗೆಯಜ್ಜಿ.

ನಕ್ಷೆಗಾರ ಆಗಲೇ ನೆಲಕ್ಕೆ ಮೊಣಕಾಲೂರಿ ಎಂಜಿನ್ನಿನ ಅಡಿಗೆ ಇಣುಕುತ್ತಿದ್ದ. ಕಟ್ಟಡಗಳ ನಕ್ಷೆ ಬರೆಯುವುದು ಅವನ ಕೆಲಸ. ವರ್ಗವಾಗಿ ಬಂದ ಈ ಊರಿನ ಬೀದಿಗಳೇ ಅವನಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಎರಡು ಬೀದಿ ಆಚೆಯ ಈ ಅಜ್ಜಿಯ ಹಿತ್ತಿಲ ಕೋಣೆಯಲ್ಲಿ, ಹರಿದ ತಾಡಪಾಲಿನ ಕೆಳಗೆ, ಹಗುರ ಮೈಯ ಹಳೇ ಮೋಟರ್‌ಸೈಕಲ್ ಇದೆಯೆಂಬುದನ್ನು ಮೂಗಿನಿಂದಲೇ ಹಿಡಿದವನಂತೆ ಪತ್ತೆ ಹಚ್ಚಿದ್ದ.

"ಯಾಕಜ್ಜಿ, ಹಿಂದಿನ ಸೀಟು ಯಾರಾದ್ರೂ ಬುಕ್ ಮಾಡಿದಾರಾ?"

ಅಜ್ಜಿ ನಗಲಿಲ್ಲ. "ಒಬ್ಬಳು ಕೂತಿದಾಳೆ. ಜಾಗ ಇರೋ ತನಕ ಸುಮ್ನಿರ್ತಾಳೆ."

"ಹಾಗಾದ್ರೆ ಹೆಲ್ಮೆಟ್ ಎರಡು ತಗೋಬೇಕು ಅನ್ನಿ."

"ಹೇಳೋದು ಹೇಳಿದೀನಿ. ಕೇಳಿಸ್ತಾ?"

"ಹ್ಞೂಂ."

"ಬಾಯ್ಬಿಟ್ಟು ಹೇಳು."

"ಕೇಳಿಸ್ತು, ನಮ್ಮವ್ವ, ಕೇಳಿಸ್ತು!"

ಅಜ್ಜಿ ಬೀಗದ ಕೈಯನ್ನು ಅವನ ಅಂಗೈಗೆ ಒತ್ತಿದಳು. ಆಮೇಲೆ ಮುಟ್ಟಬಾರದ್ದನ್ನು ಮುಟ್ಟಿದವಳಂತೆ ಕೈಯನ್ನು ಗೋಡೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು.

ಗಾಡಿ ಅವನ ಮನೆಗೆ ಬಂತು. ಮನೆಯ ಪಕ್ಕದ ಕಿಟಕಿಯಿಲ್ಲದ ಶೆಡ್ಡು ಅವನ ಲೋಕವಾಯಿತು. ತುಕ್ಕು, ಹಳಸಿದ ಪೆಟ್ರೋಲು, ಸುಟ್ಟ ಆಯಿಲ್ಲಿನ ವಾಸನೆ ಗೋಡೆಗೇ ಅಂಟಿಕೊಂಡಿತು. ಕಾರ್ಬುರೇಟರನ್ನು ಬಿಚ್ಚಿ ತೊಳೆದ. ಟ್ಯಾಂಕಿನ ಬಣ್ಣ ಕೆರೆದು ಪ್ರೈಮರ್ ಹೊಡೆದ. ಒಂದು ಸಂಗತಿ ಮಾತ್ರ ತಲೆಗೆ ಹೊಳೆಯಲಿಲ್ಲ. ಸ್ಟ್ಯಾಂಡಿನ ಮೇಲೆ ಖಾಲಿ ನಿಂತಾಗಲೂ ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳು ಕುಸಿದೇ ಇರುತ್ತಿದ್ದವು. ಸ್ಪ್ರಿಂಗು ಮುದಿಯಾಗಿದೆ ಎಂದುಕೊಂಡು ಹೊಸದು ಹಾಕಿದ. ಬೆಳಗಾಗುವುದರೊಳಗೆ ಅವೂ ಕುಸಿದವು.

"ನನ್ನ ಮೈ ಮುಟ್ಟಿ ಎಷ್ಟು ದಿನ ಆಯ್ತು? ಅದರ ಮೈನೇ ಸವರ್ತಾ ಕೂತಿರ್ತೀರಲ್ರೀ," ಎಂದು ಹೆಂಡತಿ ಬಾಗಿಲಲ್ಲಿ ನಿಂತು ಚುಚ್ಚಿದಳು.

"ಅದು ತಿರುಗಿ ಮಾತಾಡಲ್ಲ ಕಣೆ."

ಅವಳು ಬಸುರಿ. ಹಿಂದೆ ಎರಡು ಬಾರಿ ನಿಂತದ್ದು ಜಾರಿ ಹೋಗಿತ್ತು. ಇದು ಹೋದರೆ ಮತ್ತೆ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಳು ಡಾಕ್ಟರಮ್ಮ. ಆ ಮಾತನ್ನು ಇಬ್ಬರೂ ಬಾಯಿಗೆ ತರುತ್ತಿರಲಿಲ್ಲ. ಬದಲಿಗೆ ಜಗಳವಾಡುತ್ತಿದ್ದರು.

ಗಾಡಿಗೆ ಅವನು ಬರೆದಿದ್ದ ನಕ್ಷೆಯಲ್ಲಿ ಸೀಟು ಒಂದೇ. ಹಿಂಭಾಗ ಮೋಟಾಗಿ, ಕತ್ತಿಯಂತೆ ಕೊನೆಯಾಗಬೇಕು. ಹೆಂಡತಿ ಅದನ್ನು ನೋಡಿ, "ನಾನೆಲ್ಲಿ ಕೂರೋದು?" ಎಂದಳು.

"ನಿನಗೆ ಬೇರೆ ಮಾಡ್ಕೊಡ್ತೀನಿ."

ಭಾನುವಾರ ಮಧ್ಯಾಹ್ನ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಿಡಿದ. ಕಿಡಿ ಚಿಮ್ಮಿತು. ಕಬ್ಬಿಣ ಕಿರುಚಿತು. ಹಿಂದಿನ ಸೀಟನ್ನು ಹೊತ್ತಿದ್ದ ಬಾಗಿದ ಕೊಳವೆ ಠಣ್ಣನೆ ನೆಲಕ್ಕೆ ಬಿತ್ತು. ಬಿದ್ದ ಕೂಡಲೇ ಗಾಡಿಯ ಹಿಂಭಾಗ ಒಂದು ಗೇಣು ಮೇಲೆದ್ದಿತು. ಯಾರೋ ಇಳಿದಂತೆ. ಶೆಡ್ಡಿನೊಳಗೆ ತಲೆಗೆ ಹಚ್ಚುವ ಕಮಟು ಎಣ್ಣೆಯ ವಾಸನೆ ಸುಳಿಯಿತು.

"ನೋಡಿದ್ಯಾ, ಭಾರ ತೆಗೆದ್ರೆ ಹೇಗೆ ಎದ್ದು ನಿಂತ್ಕೊಂಡೆ," ಎಂದು ಗಾಡಿಯ ಬೆನ್ನು ತಟ್ಟಿದ.

ಸೀಟಿನ ರೆಕ್ಸಿನ್ ಬಿಚ್ಚಿದಾಗ ನಾರಿನ ನಡುವೆ ಕೂದಲು ಸಿಕ್ಕಿತು. ಮೊಳದುದ್ದದ ಜಡೆ. ಹೆಣಿಗೆಯ ಸಂದುಸಂದಿಗೆ ಮೊಳೆ ಸಿಕ್ಕಿಸಿದ್ದರು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಎಸೆದು ಕೈ ತೊಳೆಯುತ್ತಿದ್ದರೇನೋ. ಆದರೆ ಹಳೇ ಗಾಡಿಗಳ ಹುಚ್ಚಿರುವವರಿಗೆ ಮೂಲ ಸಾಮಾನೆಂದರೆ ಪ್ರಾಣ.

"ಆಗಿನ ಕಾಲದಲ್ಲಿ ಸೀಟಿಗೆ ಕೂದಲೇ ತುಂಬ್ತಿದ್ರು ಕಣೆ. ಒರಿಜಿನಲ್! ಈಗ ಹುಡುಕಿದ್ರೂ ಸಿಗಲ್ಲ," ಎಂದು ಹೆಂಡತಿಯನ್ನು ಕರೆದು ತೋರಿಸಿದ.

ಮೊಳೆಗಳನ್ನು ಕಿತ್ತೆಸೆದ. ಜಡೆಯನ್ನು ಒಳಗೇ ಬಿಟ್ಟ. ಕತ್ತರಿಸಿದ ಕೊಳವೆಗೆ ಕಾಲು ಬೆಸೆದು, ಅದೇ ಸೀಟನ್ನು ಕೂರಿಸಿ, ಕೆಂಪು ರೆಕ್ಸಿನ್ ಹೊದಿಸಿ, ಹೆಂಡತಿ ಅಡುಗೆಮನೆಯಲ್ಲಿ ಕೂತು ಕೆಲಸ ಮಾಡಲೆಂದು ಸ್ಟೂಲು ಮಾಡಿಕೊಟ್ಟ. ಬಹಳ ದಿನಗಳ ಮೇಲೆ ಅವಳು ನಕ್ಕಳು.

ವಾರದೊಳಗೆ ಅವಳು ಗೂನಾಗತೊಡಗಿದಳು. ಮೊದಲು ಭುಜ, ಆಮೇಲೆ ಬೆನ್ನು. ಹೊಟ್ಟೆಯ ಭಾರ ಎಂದ ಅವನು.

"ಹೊಟ್ಟೆ ಮುಂದೆ ಇದೆ ರೀ. ಭಾರ ಹಿಂದೆ."

ಒಂದು ಸಂಜೆ ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು. ಓಡಿ ಹೋದ. ಅವಳು ಸ್ಟೂಲಿನ ಮೇಲೆ ಎರಡಾಗಿ ಮಡಿಸಿಕೊಂಡಿದ್ದಳು. ಹಣೆ ಮಂಡಿಗೆ ತಾಗುವಷ್ಟು. ನಡುವೆ ಹೊಟ್ಟೆ ಸಿಕ್ಕಿಕೊಂಡಿತ್ತು.

"ಎಬ್ಸ್ರೀ... ಯಾರೋ ಮೇಲೆ ಕೂತಿದಾರೆ... ಮಗು ಒದೀತಿಲ್ಲ..."

ಅವನು ತೋಳು ಹಿಡಿದು ಎಳೆದ. ಅಲುಗಲಿಲ್ಲ. ಸ್ಟೂಲನ್ನೇ ಒದ್ದ. ಅದು ನೆಲದಲ್ಲಿ ಬೇರು ಬಿಟ್ಟಂತಿತ್ತು. ಬರಿಗಾಲಲ್ಲೇ ಅಜ್ಜಿಯ ಮನೆಗೆ ಓಡಿದ.

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಕತ್ತರಿಸ್ದೆ."

"ಯಾರಜ್ಜಿ ಅದು? ನನ್ನ ಹೆಂಡತಿ ಸಾಯ್ತಿದಾಳೆ!"

"ನನ್ನ ಗಂಡನ ಹಿಂದೆ ಕೂರ್ಬೇಕಾಗಿದ್ದೋಳು. ಅವಳನ್ನ ದಾರೀಲಿ ಇಳಿಸಿ ಬಂದು ನನ್ನ ಕಟ್ಕೊಂಡ. ತನ್ನ ಜಡೆ ತಾನೇ ಕೊಯ್ದು ಮಾಟ ಮಾಡಿಸಿ ಸತ್ಲು. ಸತ್ತೋಳು ಬಂದು ನನ್ನ ಗಂಡನ ಬೆನ್ನೇರಿದ್ಲು. ಮಾಟಗಾರನೊಬ್ಬ ಆ ಜಡೆಗೆ ಮೊಳೆ ಹೊಡೆದು ಸೀಟಿಗೆ ಕಟ್ಟಿ ಕೂರಿಸಿದ. ಆ ಮಾಟಗಾರನೂ ಈಗಿಲ್ಲ."

"ಗೊತ್ತಿದ್ದೂ ಕೊಟ್ರಾ?"

"ಹೇಳಿ ಕೊಟ್ಟೆ. ನೀನು ಕೇಳಿಸ್ತು ಅಂದೆ. ಅಲ್ಲಿಗೆ ನನ್ನದು ಮುಗೀತು." ಅವಳ ತುಟಿಯ ಕೊನೆಯಲ್ಲಿ ನಗೆಯಂಥದ್ದೇನೋ ಇತ್ತು. "ನೀನು ಕತ್ತರಿಸ್ತೀಯ ಅಂತ ನಿನ್ನ ಮುಖದಲ್ಲೇ ಬರೆದಿತ್ತು."

"ಏನ್ಮಾಡ್ಲಿ? ಹೇಳಿ, ಕಾಲಿಗ್ ಬೀಳ್ತೀನಿ!"

"ಎಳೆದ್ರೆ ಇಳಿಯಲ್ಲ. ಅವಳನ್ನ ಯಾರೂ ಮನಸಾರೆ ತಬ್ಬಲಿಲ್ಲ. ತಬ್ಬಿದೋರ ಹತ್ರ ಹೋಗ್ತಾಳೆ. ನಾನು ಗಂಡನನ್ನ ಆಮೇಲೆ ಒಂದು ದಿನಾನೂ ತಬ್ಬಲಿಲ್ಲ." ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು. "ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಅವನು ಬಂದಾಗ ಅಡುಗೆಮನೆ ಕತ್ತಲಾಗಿತ್ತು. ದೀಪ ಹಾಕಿದ. ಹತ್ತಲಿಲ್ಲ. ಕಮಟು ಎಣ್ಣೆಯ ವಾಸನೆ ಮೂಗಿಗೆ ರಾಚಿತು. ಹೆಂಡತಿಯ ಉಸಿರು ಕೇಳುತ್ತಿತ್ತು. ಅದರ ಮೇಲೆ ಇನ್ನೊಂದು ಉಸಿರು. ನಿಧಾನ. ತೃಪ್ತ.

ಕಣ್ಣು ಮುಚ್ಚಿದ. ತೋಳು ಚಾಚಿದ. ಹೆಂಡತಿಯ ಬೆನ್ನಿನ ಮೇಲಿನ ಖಾಲಿ ಗಾಳಿಯನ್ನು ತಬ್ಬಿದ.

ಖಾಲಿ ಇರಲಿಲ್ಲ.

ಒದ್ದೆ. ತಣ್ಣಗೆ. ಎಲುಬು. ಕೊಯ್ದ ಕೂದಲಿನ ಮೋಟು ಅವನ ಕೆನ್ನೆಗೆ ಚುಚ್ಚಿತು. ಬಿಡಬೇಕೆನಿಸಿತು. ಬಿಡಲಿಲ್ಲ. ಮಗುವನ್ನು ನೆನೆದ. ಇನ್ನೂ ಬಿಗಿಯಾಗಿ ಅಪ್ಪಿದ. "ಬಾ," ಎಂದ. "ನನ್ನ ಹತ್ರ ಬಾ."

ಅದು ತೋಳಿನೊಳಗೇ ಹೊರಳಿತು. ಹೆಗಲು ಹತ್ತಿತು. ಬೆನ್ನಿಗೆ ಇಳಿಯಿತು. ಎರಡು ತೊಡೆಗಳು ಪಕ್ಕೆಲುಬನ್ನು ಅಮುಕಿದವು. ಎರಡು ಕೈ ಕತ್ತನ್ನು ಬಳಸಿದವು. ಅವನು ನೆಲಕ್ಕೆ ಕುಸಿದ.

ಹೆಂಡತಿ ನೆಟ್ಟಗೆ ಎದ್ದು ನಿಂತಳು. ಹೊಟ್ಟೆ ಮುಟ್ಟಿಕೊಂಡಳು. "ಒದೀತು! ರೀ, ಒದೀತು!"

ಅವಳು ಅಳುತ್ತ ಕೈ ಚಾಚಿ ಬಂದಳು. ಅವನು ತೆವಳಿಕೊಂಡು ಹಿಂದೆ ಸರಿದ. "ಹತ್ರ ಬರ್ಬೇಡ. ಇನ್ಮೇಲೆ ಯಾವತ್ತೂ ನನ್ನ ತಬ್ಬಬೇಡ."

ಹೆಣ್ಣುಮಗು ಹುಟ್ಟಿತು. ಸ್ಟೂಲನ್ನೂ ಜಡೆಯನ್ನೂ ಸುಟ್ಟರು. ಬೆನ್ನಿನ ಭಾರ ಕೂದಲೆಳೆಯಷ್ಟೂ ತಗ್ಗಲಿಲ್ಲ. ಡಾಕ್ಟರು ಮೂಳೆಯ ಸವಕಳಿ ಎಂದರು. ಆಫೀಸಿನವರು ಗೂನಯ್ಯ ಎಂದರು. ಅವನು ಶೆಡ್ಡಿನಲ್ಲಿ ಬೋರಲು ಮಲಗಿ ನಿದ್ದೆ ಮಾಡುವುದನ್ನು ಕಲಿತ. ಮಗಳನ್ನು ಒಂದು ಮಾರು ದೂರದಿಂದಲೇ ಆಡಿಸುತ್ತಿದ್ದ. ಹತ್ತಿರ ಬಂದರೆ ಗದರುತ್ತಿದ್ದ. ಅವಳು ಮುಖ ಊದಿಸಿಕೊಂಡು ಹೋಗುವಾಗ ಕಿವಿಯ ಹಿಂದೆ ಯಾರೋ ಮೆಲ್ಲನೆ ನಕ್ಕಂತಾಗುತ್ತಿತ್ತು.

ಮಗಳು ನಡೆಯಲು ಕಲಿತಳು. ಆಮೇಲೆ ಓಡಲು.

ಒಂದು ಬೆಳಿಗ್ಗೆ ಅವನು ಹೊಸ್ತಿಲಲ್ಲಿ ಕೂತು ಷೂ ಕಟ್ಟಿಕೊಳ್ಳುತ್ತಿದ್ದ. ಹಿಂದಿನಿಂದ ಪುಟ್ಟ ಹೆಜ್ಜೆಗಳ ಸದ್ದು ಬಂತು.

"ಅಪ್ಪಾ, ಉಪ್ಪುಮೂಟೆ!"

ತಿರುಗುವಷ್ಟರಲ್ಲಿ ಎಳೆಯ ತೋಳುಗಳು ಅವನ ಕತ್ತನ್ನು ಬಳಸಿದವು. ಬೆಚ್ಚನೆಯ ಕೆನ್ನೆ ಬೆನ್ನಿಗೆ ಒತ್ತಿತು.

ಭಾರ ಹೆಚ್ಚಬೇಕಿತ್ತು.

ಕಡಿಮೆಯಾಯಿತು.

ಸೊಂಟದಿಂದ ಕತ್ತಿನವರೆಗೆ ಒಂದೊಂದೇ ಎಲುಬು ಸಡಿಲವಾಯಿತು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ವರ್ಷಗಳ ಮೇಲೆ ಅವನ ಕಣ್ಣಿಗೆ ಎದುರು ಮನೆಯ ಮಾಳಿಗೆ ಕಂಡಿತು. ಅದರ ಮೇಲಿನ ಆಕಾಶವೂ ಕಂಡಿತು.

ಹಿಂದೆ ಮಗಳು ಧೊಪ್ಪೆಂದು ಕೂತಳು.

"ಅಪ್ಪಾ," ಎಂದಳು, "ಭಾರ."