ಅಲಾರಂ ಹೊಡೆದುಕೊಳ್ಳದ ವಾರ

"ನನ್ನ ಕಡೆಯ ಜನರನ್ನೆಲ್ಲ ಯಾಕೆ ನಿಮ್ಮ ಕಡೆ ತಿರುಗಿಸ್ಕೊಂಡ್ರಿ?"

ಎದುರು ಮೇಜಿನವನು ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಬೇರೆ ದಿನವಾಗಿದ್ದರೆ ಆ ಕಿವಿಯನ್ನು ಕದ್ದು ನೋಡಿ ಖುಷಿಪಡುತ್ತಿದ್ದೆ. ಇವತ್ತು ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಕಂಪನಿ ನೇರಪ್ರಸಾರ ಮಾಡುವ ವಿಡಿಯೊ ಎರಡು ನೆಟ್‌ವರ್ಕ್‌ಗಳ ಮೂಲಕ ಜನರನ್ನು ತಲುಪುತ್ತದೆ. ಒಂದು ನನ್ನದು, ಇನ್ನೊಂದು ಅವನದು. ಒಂದರ ಮೇಲೆ ನೋಡುಗರ ಲೋಡ್ ಮಿತಿ ಮೀರಿದರೆ ಅದನ್ನು ನೋಡಿಕೊಳ್ಳುವವರ ಅಲಾರಂ ಹೊಡೆದುಕೊಳ್ಳುತ್ತದೆ; ಆಗ ನೋಡುಗರನ್ನು ಇನ್ನೊಂದಕ್ಕೆ ಹಂಚಬೇಕು. ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ನಾನು ಅವರ ಹಾಸಿಗೆ ಪಕ್ಕ ಕೂತೇ ಕೆಲಸ ಮಾಡುತ್ತಿದ್ದೆ. ಇವತ್ತು ಫೈನಲ್ ಪಂದ್ಯ. ಎಲ್ಲರನ್ನೂ ಅವನು ತನ್ನ ಕಡೆಗೇ ಎಳೆದುಕೊಂಡಿದ್ದ. ಅವನ ಸರ್ವರ್‌ಗಳು ಕೈಚೆಲ್ಲಿದವು, ಗೆಲುವಿನ ಗೋಲು ಯಾರಿಗೂ ಕಾಣಲಿಲ್ಲ. ನನ್ನವು ಸುಮ್ಮನೆ ಕೂತಿದ್ದವು. ಸುದ್ದಿ ತಿಳಿದು ಆಫೀಸಿಗೆ ಓಡಿ ಬಂದಿದ್ದೆ.

ಮ್ಯಾನೇಜರ್ ಅವನನ್ನು ಬಾಯಿಗೆ ಬಂದಂತೆ ಬೈದರು. "ತಪ್ಪು ನಂದೇ ಸರ್" ಎಂದನೇ ಹೊರತು ಕಾರಣ ಹೇಳಲಿಲ್ಲ.

"ಆಸ್ಪತ್ರೇಲಿ ಕೂತು ಇವಳೇನು ಕೆಲಸ ಮಾಡ್ತಾಳೆ ಅಂತ ತಾನೇ? ನಂಬಿಕೆ ಇಲ್ಲದವರ ಜೊತೆ ನನಗೂ ಆಗಲ್ಲ. ನಾಳೆ ಬೇರೆ ಟೀಮ್ ಕೇಳ್ತೀನಿ" ಎಂದೆ.

ಈಗ ನೋಡಿದ. ಕಣ್ಣು ತುಂಬಿತ್ತು.

"ಹೋದ ವಾರ ನನ್ನ ಜೊತೆ ಮಾತಾಡಿ ನೀವು ಫೋನ್ ಇಡೋದು ಮರೆತಿದ್ರಿ. ನಿಮ್ಮಪ್ಪ ಏನೋ ಕಥೆ ಹೇಳ್ತಿದ್ರು, ಅವರು ನಿಮ್ಮಮ್ಮನ್ನ ಮೊದಲ ಸಲ ನೋಡಿದ್ದು. ಅಷ್ಟರಲ್ಲಿ ನಿಮ್ಮ ಅಲಾರಂ ಹೊಡ್ಕೊಳ್ತು. 'ಹೋಗ್ಲಿ ಬಿಡು ಮಗಳೇ, ಕೆಲಸ ನೋಡು' ಅಂದ್ರು. ಇನ್ನು ಅದು ಹೊಡ್ಕೋಬಾರ್ದು ಅನ್ನಿಸ್ತು."

ಅಪ್ಪನಿಗೆ ಹೆಚ್ಚು ದಿನ ಇಲ್ಲವೆಂದು ಡಾಕ್ಟರ್ ಹೇಳಿದ್ದರು. ಈ ವಾರ ನನ್ನ ಅಲಾರಂ ಒಮ್ಮೆಯೂ ಸದ್ದು ಮಾಡಿರಲಿಲ್ಲ; ವಾರವಿಡೀ ನನ್ನ ಲೋಡನ್ನೂ ಅವನೇ ಹೊತ್ತಿದ್ದ. ಅಪ್ಪ ಕಥೆಯನ್ನು ಪೂರ್ತಿ ಹೇಳಿದ್ದರು: ಅಮ್ಮ ಬಸ್ಸಿನಲ್ಲಿ ಕೊಡೆ ಮರೆತದ್ದು, ಇವರು ಅದನ್ನು ಹಿಡಿದುಕೊಂಡು ಬೀದಿ ಬೀದಿ ಅಲೆದದ್ದು. ಅಮ್ಮ ತೀರಿಕೊಂಡ ಮೇಲೆ ಅವರು ಅಷ್ಟು ನಕ್ಕದ್ದು ಅವತ್ತೇ.

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಬೇಡ ಅಂತಿದ್ರಿ."

ನಿಜ, ಅನ್ನುತ್ತಿದ್ದೆ. ಅವನ ಮೇಜಿಗೆ ಹೋಗಿ, ಅವನ ಹೆಗಲ ಮೇಲಿಂದ ಬಗ್ಗಿ, ಅರ್ಧ ಜನರನ್ನು ನನ್ನ ಕಡೆಗೆ ತಿರುಗಿಸಿದೆ. ಅವನು ಉಸಿರು ಬಿಗಿಹಿಡಿದು ಕೂತಿದ್ದ.

"ಬೇರೆ ಟೀಮ್?"

"ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ನಾಳೆ ನೀನೂ ಆಸ್ಪತ್ರೆಗೆ ಬಾ. ಇಲ್ಲಿ ಮ್ಯಾನೇಜರ್ ನೋಡ್ಕೊಳ್ಲಿ, ಬೈಯೋದಕ್ಕಿಂತ ಸುಲಭ."

"ನಿಮ್ಮಪ್ಪನಿಗೆ ನಾನು ಯಾರು ಅಂತ ಹೇಳ್ತೀರಿ?"

"ಫೈನಲ್ ಕೆಡಿಸಿದೋನು ಅಂತ." ಅವನ ಕಡೆ ತಿರುಗಿದೆ. "ನನಗೆ ಬೇಕಾದೋನು ಅಂತ."

ಅವನು ನಗಲಿಲ್ಲ. ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಆ ಕಥೆ ನಾನು ಅರ್ಧ ಮಾತ್ರ ಕೇಳಿದ್ದೆ," ಎಂದ. "ಅವರು ಇನ್ನೊಂದ್ಸಲ ಹೇಳ್ತಾರಾ?"